ವೀಳ್ಯ ಇಟ್ಟವನು

ಕಮಲಾಪುರದ ಗುರುಲಿಂಗಪ್ಪ ನಲವತ್ತು ದಾಟುವವರೆಗೆ ಬಾಳೆ ಬೆಳೆಯುವವನಾಗಿದ್ದ, ಅಷ್ಟೇ. ಊರ ಹೊರಗಿನ ಕಣಿವೆಯಲ್ಲಿ ಅವನ ತಂದೆಯ ಕಾಲದ ತೋಟವಿತ್ತು. ಸಿಪ್ಪೆ ಕೆಂಪಗೆ, ತಿರುಳು ಗಟ್ಟಿಯಾಗಿ ಬರುವ ಅಲ್ಲಿನ ಬಾಳೆಗೆ ಕಲಬುರಗಿಯ ಪೇಟೆಯಲ್ಲಿ ಒಳ್ಳೆಯ ಹೆಸರು. ಹೈದರಾಬಾದಿನಿಂದ ನಿಜಾಮರ ದೊಡ್ಡ ಅಧಿಕಾರಿಗಳು ಬಂದು ಐವಾನ್-ಎ-ಶಾಹಿ ಅತಿಥಿಗೃಹದಲ್ಲಿ ಇಳಿದುಕೊಂಡಾಗ ಅಲ್ಲಿನ ಅಡುಗೆಯವನು ಇವನ ಗಾಡಿ ಹುಡುಕಿಕೊಂಡು ಬಂದು ಗೊನೆ ಇಳಿಸಿಕೊಳ್ಳುತ್ತಿದ್ದ. ಗುರುಲಿಂಗಪ್ಪ ಹೆಚ್ಚು ಮಾತಿನವನಲ್ಲ. ಆದರೆ ಮಠದ ಭಜನೆಯಲ್ಲಿ ಅವನು ಏರುದನಿ ತೆಗೆದರೆ ಬೀದಿಯಲ್ಲಿ ಹೋಗುವವರು ನಿಲ್ಲುತ್ತಿದ್ದರು.

ಅವನನ್ನು ಮುಖಂಡನನ್ನಾಗಿ ಮಾಡಿದ್ದು ಸಿಂದಿಯ ಅಂಗಡಿ. ಮೊದಲ ಮಹಾಯುದ್ಧ ಮುಗಿದು ಮೂರ್ನಾಲ್ಕು ವರ್ಷ ಕಳೆದಿದ್ದ ಆ ದಿನಗಳಲ್ಲಿ ಅಬಕಾರಿ ಗುತ್ತೇದಾರನೊಬ್ಬ ಸಂತೆಯ ದಾರಿಯಲ್ಲೇ ಹುಲ್ಲಿನ ಗುಡಿಸಲು ಹಾಕಿ ಸಿಂದಿ ಮಾರಲು ಶುರುಮಾಡಿದ. ಸಂತೆಗೆ ಹೋದ ಗಂಡಸರು ಬರಿಗೈಯಲ್ಲಿ ಮರಳತೊಡಗಿದರು. ಹೆಂಗಸರು ಗುರುಲಿಂಗಪ್ಪನ ಹೆಂಡತಿ ಭಾಗಮ್ಮನ ಮುಂದೆ ಬಂದು ಅತ್ತರು. ಭಾಗಮ್ಮ ಗಂಡನಿಗೆ ಹೇಳಿದಳು. ಗುರುಲಿಂಗಪ್ಪ ಒಂದು ಸಂಜೆ ಭಜನೆಯಲ್ಲಿ ಎರಡು ಪದ ಹಾಡಿ, ಮೂರನೆಯದಕ್ಕೆ ತಾಳ ಕೆಳಗಿಟ್ಟು ಮಾತಾಡಿದ. ಸಭೆ ಸೇರಲು ಸರ್ಕಾರದ ಅಪ್ಪಣೆ ಬೇಕಿತ್ತು, ಭಜನೆಗೆ ಬೇಕಿರಲಿಲ್ಲ. ಹೀಗಾಗಿ ಭಜನೆಯೇ ಸಭೆಯಾಯಿತು. ಸುತ್ತಲಿನ ಹಳ್ಳಿಗಳಿಂದ ಜನ ಬರತೊಡಗಿದರು. ‘ಗುರುಲಿಂಗಪ್ಪನ ಮಂದಿ’ ಎಂಬ ಮಾತು ಹುಟ್ಟಿಕೊಂಡಿತು. ಆ ಮಾತು ಮೊದಲ ಸಲ ಕಿವಿಗೆ ಬಿದ್ದಾಗ ಅವನಿಗೆ ಹಿತವಾಗಿತ್ತು. ಮುಂದೆ ಬಹಳ ವರ್ಷ ಅವನನ್ನು ಚುಚ್ಚಿದ್ದು ಆ ಹಿತವೇ.

ಕಮಲಾಪುರದಲ್ಲಿ ಆಗ ಒಂದು ಪದ್ಧತಿಯಿತ್ತು. ಹಾಳು ಬಾವಿಗೆ ಇಳಿದು ಹೂಳು ತೆಗೆಯುವುದು, ಗುಡಿಯ ಶಿಖರಕ್ಕೆ ಕಟ್ಟಿದ ಹೆಜ್ಜೇನು ಬಿಡಿಸುವುದು, ಇಂಥ ಅಪಾಯದ ಕೆಲಸ ಬಂದರೆ ಹಿರಿಯನೊಬ್ಬ ಜನರ ನಡುವೆ ತಟ್ಟೆಯಲ್ಲಿ ಒಂದು ವೀಳ್ಯದೆಲೆ, ಒಂದು ಅಡಕೆ ಇಡುತ್ತಿದ್ದ. ಇಡುವ ಮುಂಚೆ ಕೆಲಸ ಏನೆಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಎಲೆ ಎತ್ತಿಕೊಂಡವನು ಕೆಲಸ ಮಾಡಿಯೇ ತೀರಬೇಕು. ಕೆಲಸ ಕೆಟ್ಟರೆ, ಯಾರಿಗಾದರೂ ಪೆಟ್ಟಾದರೆ, ಅದು ಎಲೆ ಇಟ್ಟವನ ತಲೆಗೆ. ಗುರುಲಿಂಗಪ್ಪನ ತಂದೆ ಹೀಗೆ ಒಮ್ಮೆ ಬಾವಿಯ ಕೆಲಸಕ್ಕೆ ವೀಳ್ಯ ಇಟ್ಟಿದ್ದರು. ಇಳಿದವನ ಸೊಂಟ ಮುರಿಯಿತು. ತಂದೆ ಸಾಯುವವರೆಗೆ ಇವರ ಮನೆಯಿಂದ ಅವನ ಮನೆಗೆ ಜೋಳ ಹೋಗುತ್ತಿತ್ತು, ಯಾರೂ ಅದನ್ನು ದಾನ ಎನ್ನಲಿಲ್ಲ.

ಆ ವರ್ಷದ ಶ್ರಾವಣದಲ್ಲಿ ಒಂದು ಭಜನೆಯಾಯಿತು. ಮಠದ ಅಂಗಳ ತುಂಬಿತ್ತು. ಠಾಣೆಯ ಅಮೀನ ಸಾಹೇಬರು ಕಳಿಸಿದ ಮುನ್ಷಿ ಕಂಬಕ್ಕೆ ಒರಗಿ ಬರೆದುಕೊಳ್ಳುತ್ತಿದ್ದ. ಈಚಲು ಮರ ಹತ್ತಿ ಗುತ್ತೇದಾರನಿಗೆ ಸಿಂದಿ ಇಳಿಸಿಕೊಡುವ ದೌಲಪ್ಪನೂ ಹಿಂದೆ ಕೂತಿದ್ದ. ಅವನಿಗೆ ಭಜನೆಯೆಂದರೆ ಪ್ರೀತಿ, ಗುರುಲಿಂಗಪ್ಪನ ದನಿಯೆಂದರೆ ಇನ್ನೂ ಪ್ರೀತಿ.

“ಯಾರೂ ಕೈ ಎತ್ತಬ್ಯಾಡ್ರಿ,” ಎಂದ ಗುರುಲಿಂಗಪ್ಪ. “ಬೈಬ್ಯಾಡ್ರಿ. ಕುಡಿಯೋರ ಕಾಲಿಗೆ ಬೀಳ್ರಿ. ಆದರ ಈ ಶ್ರಾವಣದಾಗ ಆ ಅಂಗಡಿ ನಡೀಬಾರದು. ಅದು ಹ್ಯಾಂಗಂತ ನಾ ಹೇಳಂಗಿಲ್ಲ.”

ಹೇಳಿ, ಭಾಗಮ್ಮ ತಾಂಬೂಲಕ್ಕೆಂದು ತಂದಿಟ್ಟಿದ್ದ ತಟ್ಟೆಯನ್ನು ಎಳೆದುಕೊಂಡ. ಉಳಿದ ಎಲೆಗಳನ್ನೆಲ್ಲ ಬದಿಗೆ ಸರಿಸಿ, ಒಂದು ಎಲೆ, ಒಂದು ಅಡಕೆ ನಡುವೆ ಇಟ್ಟ.

ಕೆಲಸ ಏನೆಂದು ಹೇಳದೆ ಆ ಊರಲ್ಲಿ ಯಾರೂ ವೀಳ್ಯ ಇಟ್ಟಿರಲಿಲ್ಲ. ಶಂಕ್ರಮ್ಮನ ಮಗ ಅಣವೀರಪ್ಪ ಎದ್ದು ಬಂದ. ಇಪ್ಪತ್ತೆರಡರ ಹುರುಪಿನ ಆಳು. ತಂದೆ ಸಿಂದಿ ಕುಡಿದೇ ಸತ್ತಿದ್ದ. ಎಲೆ ಎತ್ತಿ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡ. ಮುನ್ಷಿ ಹೊರ ಊರಿನವನು. ತಾಂಬೂಲದ ಹೊತ್ತಾಯಿತೆಂದುಕೊಂಡು ಮಸಿಯ ದೌತಿಯ ಬಾಯಿ ಮುಚ್ಚಿದ.

ಮರುದಿನ ನಡುಮಧ್ಯಾಹ್ನ ಅಣವೀರಪ್ಪ ಮೂವರನ್ನು ಕಟ್ಟಿಕೊಂಡು ಹೋಗಿ ಅಂಗಡಿಗೆ ಬೆಂಕಿ ಇಟ್ಟ. ಆ ಹೊತ್ತಿಗೆ ಅಲ್ಲಿ ಯಾರೂ ಇರುವುದಿಲ್ಲವೆಂದೇ ಮಧ್ಯಾಹ್ನವನ್ನು ಆರಿಸಿಕೊಂಡಿದ್ದರು. “ಗುರುಲಿಂಗಪ್ಪ ಕಾಕಾಗ ಜೈ” ಎಂದು ಅವರು ಕೂಗಿದ್ದು ಸಂತೆಯವರೆಗೂ ಕೇಳಿತು. ಒಳಗೆ ದೌಲಪ್ಪ ಮಲಗಿದ್ದ. ನಸುಕಿನಲ್ಲಿ ಮರ ಹತ್ತಿ ದಣಿದಿದ್ದ. ಹಿಂದಿನ ಸಂಜೆ ‘ಕೈ ಎತ್ತಬ್ಯಾಡ್ರಿ’ ಎಂಬ ಮಾತು ಕೇಳಿದ್ದವನು. ವೀಳ್ಯವನ್ನೂ ನೋಡಿದ್ದ, ಆದರೆ ತಾಲ್ಲೂಕುದಾರರ ಹತ್ತಿರ ಅರ್ಜಿ ಒಯ್ಯಲು ಆಳು ಕೇಳುತ್ತಿದ್ದಾರೆಂದು ತಿಳಿದಿದ್ದ. ಉರಿಯುವ ಚಪ್ಪರ ಅವನ ಕಾಲ ಮೇಲೆ ಬಿತ್ತು. ಕೂಗು ಕೇಳಿ ಅಣವೀರಪ್ಪನೇ ನುಗ್ಗಿ ಎಳೆದು ಹಾಕಿದ. ಜೀವ ಉಳಿಯಿತು. ಮರ ಹತ್ತುವ ಕಾಲು ಉಳಿಯಲಿಲ್ಲ.

ಅಮೀನರು ಐವರನ್ನು ಹಿಡಿದರು. ಐದನೆಯವನು ಗುರುಲಿಂಗಪ್ಪ.

ಜಾಮೀನಿನ ಮೇಲೆ ಬಿಡುಗಡೆಯಾದ ಅವನು ಕಲಬುರಗಿಗೆ ಹೋಗಿ ವಕೀಲ ಜಹೀರುದ್ದೀನರ ಮನೆಯ ಪಡಸಾಲೆಯಲ್ಲಿ ಕೂತ. ಜಹೀರುದ್ದೀನ್ ದಪ್ಪ ಮನುಷ್ಯ, ನಗುಮುಖ, ಫೌಜುದಾರಿ ಮೊಕದ್ದಮೆಗಳಲ್ಲಿ ಪಳಗಿದವರು. ಮುನ್ಷಿಯ ವರದಿಯ ನಕಲನ್ನು ತೊಡೆಯ ಮೇಲೆ ಹರಡಿಕೊಂಡಿದ್ದರು.

“ಅರೆ ಗುರುಲಿಂಗಪ್ಪಾರೆ, ಯಾಕ ಮುಖ ಹಿಂಗ ಮಾಡೀರಿ? ‘ಯಾರೂ ಕೈ ಎತ್ತಬ್ಯಾಡ್ರಿ’ ಅಂತ ಅಂದೀರಿ. ಮುನ್ಷಿ ತನ್ನ ಕೈಲೇ ಬರದಾನ. ಸರ್ಕಾರನೇ ನಿಮ್ಮ ಪರ ಸಾಕ್ಷಿ ಹೇಳಾಕತ್ತದ. ಇಂಥಾ ಮುಕದ್ದಮಾ ನನಗ ದಿನಾ ಸಿಗಬೇಕು ನೋಡ್ರಿ.”

“ಅವರು ನನ್ನ ಹೆಸರು ಕೂಗ್ಯಾರಲ್ರಿ, ವಕೀಲ ಸಾಹೇಬ್ರ.”

“ಕೂಗಲಿ. ಹೆಸರು ಕೂಗಿದ ಮಾತ್ರಕ್ಕ ಹೆಸರಿನವನಿಗೆ ಸಜಾ ಆಗಂಗಿಲ್ಲ. ನೀವು ಹೋಗ್ರಿ ಅಂತ ಅಂದಿರೇನು? ಬೆಂಕಿಕಡ್ಡಿ ಕೊಟ್ಟಿರೇನು? ಮೊದಲೇ ಗೊತ್ತಿತ್ತೇನು? ಈ ಮೂರರಾಗ ಒಂದರ ಸಾಬೀತ್ ಆಗಬೇಕು. ಬರೇ ಮಂದಿ ನಿಮ್ಮವರು ಅನ್ನೋದು ಸಾಲಂಗಿಲ್ಲ.”

ಗುರುಲಿಂಗಪ್ಪ ಚಾಪೆಯ ಅಂಚು ನೋಡಿದ. “ಒಂದು ವೀಳ್ಯ ಇಟ್ಟಿದ್ದೆರಿ,” ಎಂದ.

“ಪಾನ್?”

ಗುರುಲಿಂಗಪ್ಪ ಪದ್ಧತಿಯನ್ನು ವಿವರಿಸಿದ. ತಂದೆಯ ಬಾವಿಯ ಕಥೆಯನ್ನೂ ಹೇಳಿದ. ಜಹೀರುದ್ದೀನರ ನಗು ಹೋಯಿತು. ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತರು. ಮತ್ತೆ ನಕ್ಕರು.

“ನನ್ನ ನಿಕಾಹದಾಗ ನಮ್ಮ ಮಾವ ನನಗೂ ಪಾನ್ ಕೊಟ್ಟಿದ್ರು. ಪಾನ್ ಕೊಟ್ಟೋರನ್ನೆಲ್ಲಾ ಜೇಲಿಗೆ ಕಳಸೋದಾದ್ರ ಮೊದಲ ಅವರನ್ನ ಕಳಸಬೇಕು, ದೊಡ್ಡ ಉಪಕಾರ ಆಗ್ತದ.” ನಂತರ ದನಿ ತಗ್ಗಿಸಿದರು. “ಕೇಳ್ರಿ. ಈ ಮಾತು ವರದಿಯಾಗಿಲ್ಲ. ನ್ಯಾಯ ಹೇಳೋ ನಾಜಿಮ್ ಸಾಹೇಬ್ರು ಹೈದರಾಬಾದಿನವರು, ಅವರಿಗೆ ಇದು ಗೊತ್ತಿಲ್ಲ. ಯಾರೂ ಕೇಳದಿದ್ದರ ನೀವು ಹೇಳಬ್ಯಾಡ್ರಿ. ಸುಳ್ಳು ಹೇಳ್ರಿ ಅಂತ ನಾ ಅನ್ನಂಗಿಲ್ಲ. ಖಾಲಿ ಸುಮ್ಮನಿರ್ರಿ.”

ಸುಮ್ಮನಿರುವುದು ಗುರುಲಿಂಗಪ್ಪನಿಗೆ ಕಷ್ಟವಾಗಲಿಲ್ಲ. ಆಮೇಲೆ ಅವನು ನಾಚಿದ್ದು ಇದಕ್ಕೇ ಹೆಚ್ಚು. ಹೆದರಿಕೆಯಿಂದ ಬಾಯಿ ಕಟ್ಟಿತ್ತು ಎಂದುಕೊಳ್ಳಲೂ ಬರುತ್ತಿರಲಿಲ್ಲ. ಅದಾಲತ್ತಿನ ಬೆಂಚಿನ ಮೇಲೆ ಅವನು ಆರಾಮವಾಗಿಯೇ ಕೂತಿದ್ದ.

ಸರ್ಕಾರದ ಕಡೆಯವರು ದೌಲಪ್ಪನನ್ನು ಹೊತ್ತು ತಂದರು. ನಾಜಿಮರು ಉರ್ದುವಿನಲ್ಲಿ ಕೇಳುವುದು, ಗುಮಾಸ್ತ ಕನ್ನಡದಲ್ಲಿ ಹೇಳುವುದು.

“ಗುರುಲಿಂಗಪ್ಪ ಏನಂದ?”

“ಕೈ ಎತ್ತಬ್ಯಾಡ್ರಿ ಅಂದ್ರುರಿ.”

“ಅಂಗಡಿ ಸುಡ್ರಿ ಅಂದನೇನು?”

“ಇಲ್ಲರಿ. ದೇವರಾಣಿ ಇಲ್ಲರಿ. ಅವರು ಅಂಥಾ ಮನಷಾ ಅಲ್ಲ.”

ಗುರುಲಿಂಗಪ್ಪ ದೌಲಪ್ಪನ ಕಾಲಿನ ಕಡೆ ನೋಡದಂತೆ ಕಿಟಕಿ ನೋಡಿದ. ಆಚೆ ಕೋಟೆಯ ಗೋಡೆಯ ಮೇಲೆ ಬಿಸಿಲು ಬಿದ್ದಿತ್ತು. ಸುಟ್ಟುಕೊಂಡವನೇ ಅವನನ್ನು ಬಿಡಿಸುತ್ತಿದ್ದ, ಕೇಳಿದ್ದಕ್ಕೆ ನಿಜ ಹೇಳಿ.

ಕೊನೆಗೆ ಅಣವೀರಪ್ಪನನ್ನು ಕೇಳಿದರು. “ನಿನ್ನನ್ನು ಕಳಿಸಿದವರು ಯಾರು?”

ಅಣವೀರಪ್ಪ ತಿರುಗಿ ಬೆಂಚಿನ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇನ್ನೊಬ್ಬರು ತಮ್ಮ ಪಾಲಿನ ಮಾತನ್ನು ಆಡಲಿ ಎಂದು ಕಾಯುವವನಂತೆ ನೋಡಿದ. ಗುಮಾಸ್ತ ಮತ್ತೆ ಕೇಳಿದ. ಗುರುಲಿಂಗಪ್ಪ ತಲೆಯ ಪಟಗದ ಅಂಚು ಸರಿಮಾಡಿಕೊಂಡ.

“ಯಾರೂ ಕಳಿಸಿಲ್ಲರಿ,” ಎಂದ ಅಣವೀರಪ್ಪ. “ನಾವೇ ಹೋಗಿದ್ವಿ.”

ಹಿಂಬಾಲಕರ ಕೃತ್ಯಕ್ಕೆ ಮುಂದಾಳನ್ನು ಹೊಣೆ ಮಾಡಲು ಅವನು ಪ್ರೇರೇಪಿಸಿದ್ದಕ್ಕೆ ಅಥವಾ ನೆರವಾದದ್ದಕ್ಕೆ ಪುರಾವೆ ಬೇಕು, ಇಲ್ಲಿರುವ ಪುರಾವೆ ಅವನು ತಡೆದದ್ದನ್ನೇ ತೋರಿಸುತ್ತದೆ ಎಂದು ತೀರ್ಪಾಯಿತು. ಇದ್ದ ಸಾಕ್ಷ್ಯದ ಮೇಲೆ ಅದರಲ್ಲಿ ತಪ್ಪೇನೂ ಇರಲಿಲ್ಲ. ಅಣವೀರಪ್ಪನಿಗೆ ಎರಡು ವರ್ಷದ ಸಜೆ, ಉಳಿದ ಮೂವರಿಗೆ ಆರಾರು ತಿಂಗಳು. ಗುರುಲಿಂಗಪ್ಪನಿಗೆ ಬಿಡುಗಡೆ.

ಹೊರಗೆ ಶಂಕ್ರಮ್ಮ ನಿಂತಿದ್ದಳು. ಕೈಹಿಡಿದು ಬೈಯುತ್ತಾಳೆಂದು ಅವನು ಕಾದ. “ನೀವರ ಬಿಡುಗಡಿ ಆದ್ರಲ್ಲ, ಮಾವಾ,” ಎಂದಳು ಅವಳು. “ನನ್ನ ಮಗಗ ಇನ್ನ ಯಾರು ದಿಕ್ಕು? ನೀವೇ ನೋಡಕೋರಿ.”

ಆ ಸಂಜೆ ಅವನು ಜಹೀರುದ್ದೀನರ ಮನೆಗೆ ಮರಳಿ ಹೋದ. ಇಷ್ಟನ್ನಾದರೂ ಅವನು ಮಾಡಿದ. ತಾನು ವೀಳ್ಯ ಇಟ್ಟದ್ದನ್ನು ಹೇಳಿದರೆ ಅಣವೀರಪ್ಪನಿಗೆ ಏನಾದರೂ ಉಪಯೋಗ ಉಂಟೇ ಎಂದು ಕೇಳಿದ.

“ಅಪೀಲು ಮಾಡಬಹುದು,” ಎಂದರು ವಕೀಲರು. ಈ ಸಲ ಅವರು ನಗಲಿಲ್ಲ. “ದೊಡ್ಡವರ ಮಾತಿಗೆ ಕಟ್ಟುಬಿದ್ದು ಮಾಡ್ಯಾನ ಅಂದ್ರ ಅವನ ಸಜಾ ಅರ್ಧಾ ಕಮ್ಮಿ ಆದರೂ ಆದೀತು. ನಿಮ್ಮ ಮ್ಯಾಲೆ ಮತ್ತ ಮುಕದ್ದಮಾ ಎದ್ದರೂ ಏಳಬಹುದು. ಮುದ್ದತು ಭಾಳ ಇಲ್ಲ. ವಿಚಾರ ಮಾಡಿ ಬರ್ರಿ. ಬಂದ್ರ ನಾ ಫೀ ತಗೊಳಂಗಿಲ್ಲ.”

ಗುರುಲಿಂಗಪ್ಪ ವಿಚಾರ ಮಾಡಿದ. ಊರಿಗೆ ಬಂದ ದಿನ ಹಲಗೆ ಬಾರಿಸಿ ಅವನನ್ನು ಕರೆದೊಯ್ದರು, ಅಂದು ಹೊರಡಲಾಗಲಿಲ್ಲ. ಮರುದಿನ ಗೊನೆ ಕಡಿಯುವವರು ಬಂದರು. ಆಮೇಲೆ ಎತ್ತಿಗೆ ಕುಂಟು. ಆಮೇಲೆ ಮಳೆ. ಪ್ರತಿ ಸಲವೂ ಕಾರಣ ನಿಜವೇ ಆಗಿತ್ತು.

“ಗೊನಿ ಕಡದಾಯ್ತು, ಎತ್ತೂ ನೆಟ್ಟಗಾತು, ಮಳಿನೂ ನಿಂತದ,” ಎಂದಳು ಭಾಗಮ್ಮ ಒಂದು ಬೆಳಗ್ಗೆ ರೊಟ್ಟಿ ಬಡಿಯುತ್ತ. “ಇನ್ನ ನೆವಕ್ಕ ಮನಿಯೊಳಗ ನಾ ಒಬ್ಬಾಕಿ ಉಳದೀನಿ. ಜಡ್ಡು ಬೀಳಲೇನು?”

ಅವನು ತೋಟಕ್ಕೆ ಹೋದ. ಅಪೀಲಿನ ಮುದ್ದತು ಆ ವಾರವೇ ಮುಗಿಯಿತು.

ಅಂಗಡಿ ಮತ್ತೆ ಏಳಲಿಲ್ಲ. ಅದು ಗುರುಲಿಂಗಪ್ಪನ ಗೆಲುವೆಂದು ಜನ ಮಾತಾಡಿದರು. ಬೇರೆ ಊರಿನವರು ಕರೆಯಲು ಬಂದರೆ ಗಂಟಲು ಕೆಟ್ಟಿದೆ ಎನ್ನುತ್ತಿದ್ದ. ಅವರು ಅದನ್ನೂ ದೊಡ್ಡತನ ಎಂದುಕೊಂಡು ಹೋಗುತ್ತಿದ್ದರು. ಶಂಕ್ರಮ್ಮನ ಮನೆಗೆ ಜೋಳ ಕಳಿಸಿದ, ದೌಲಪ್ಪನ ಮನೆಗೂ ಕಳಿಸಿದ, ಎರಡೂ ಕಡೆ ಆಳಿನ ಕೈಯಲ್ಲಿ. ‘ನೋಡ್ರಿ, ಎಂಥಾ ಧರ್ಮಾತ್ಮ’ ಎಂದಿತು ಊರು. ಅವನ ತಂದೆ ಕಳಿಸಿದ ಜೋಳಕ್ಕೆ ಯಾರೂ ಹಾಗೆ ಅಂದಿರಲಿಲ್ಲ. ಹಾಗಲ್ಲ ಎಂದು ಹೇಳಲು ಒಂದು ಮಾತು ಸಾಕಿತ್ತು. ಆ ಮಾತನ್ನು ಅವನು ಹೇಳಲಿಲ್ಲ. ದೌಲಪ್ಪನ ಓಣಿಯನ್ನು ತಪ್ಪಿಸಲು ಕೆರೆಯ ಮೇಲಿನಿಂದ ಸುತ್ತು ಹಾಕಿಕೊಂಡು ತೋಟಕ್ಕೆ ಹೋಗುವುದು ರೂಢಿಯಾಯಿತು.

ಸಜೆ ಮುಗಿಸಿದ ಅಣವೀರಪ್ಪ ಒಂದು ಮುಂಜಾನೆ ನೇರವಾಗಿ ತೋಟಕ್ಕೇ ಬಂದ. ಸೊರಗಿದ್ದ, ತಲೆ ಬೋಳಿಸಿದ್ದರು. ಬದುವಿನ ಮೇಲೆ ಕೂತು ಬಾಳೆಗಳನ್ನು ನೋಡಿದ.

“ಆರಾಮ ಇದ್ದೀರೇನ್ರಿ ಕಾಕಾ?”

“ಬಾರಪಾ. ಹೂಂ.” ಗುರುಲಿಂಗಪ್ಪ ಕುಡುಗೋಲು ಕೆಳಗಿಟ್ಟ. ಇಷ್ಟು ದಿನ ಮನಸ್ಸಿನಲ್ಲಿ ತಿರುಗಿಸಿಟ್ಟಿದ್ದ ಮಾತು ತಡವರಿಸುತ್ತ ಹೊರಬಂತು. “ಅವತ್ತ ವೀಳ್ಯ ಇಟ್ಟವ ನಾನು. ಕೆಲಸ ಹೇಳದ ಇಟ್ಟೆ. ನನ್ನ ಮ್ಯಾಲೆ ಬರಬಾರದಂತ ಹೇಳಲಿಲ್ಲೋ ಏನೋ, ನನಗೂ ಗೊತ್ತಿಲ್ಲ. ತಪ್ಪು ನಂದೇ ಅದ.”

“ಅದನ್ನ ನನಗ ಯಾಕ ಹೇಳ್ತೀರಿ?” ಎಂದ ಅಣವೀರಪ್ಪ. ಅವನ ದನಿ ಏರಲಿಲ್ಲ. “ನನಗ ಗೊತ್ತಿದ್ದಿಲ್ಲೇನು? ಎಲಿ ಎತ್ತಿದವ ನಾನಲ್ಲ? ಅದಾಲತ್‌ನ್ಯಾಗ ನಾ ನಿಮ್ಮ ಮಾರಿ ನೋಡಿದೆ. ಕಾಕಾ ಈಗ ಏಳ್ತಾನ, ಈಗ ಹೇಳ್ತಾನ ಅಂತ. ಸಜಾ ಇಬ್ಬರಿಗೂ ಆಗಲಿ ಅಂತಲ್ಲರಿ. ಜೇಲಿನ್ಯಾಗ ಇದ್ದವರು ಕೇಳ್ತಿದ್ರು, ಯಾರ ಮಂದಿ ನೀ ಅಂತ. ಏನು ಹೇಳಬೇಕಾಗಿತ್ತು?”

ಗುರುಲಿಂಗಪ್ಪ ಬಾಳೆಯ ಒಣಗಿದ ಎಲೆಯೊಂದನ್ನು ಸೀಳಿದ, ಮತ್ತೆ ಸೀಳಿದ.

ಅಣವೀರಪ್ಪ ಎದ್ದು ಧೋತರದ ಮಣ್ಣು ಕೊಡವಿಕೊಂಡ. “ದೌಲಪ್ಪನ ಮನಿಗೆ ಹೊಂಟೀನಿ. ಅವನ ಮುಂದ ನಿಂತು ಒಂದು ಮಾತು ಹೇಳಬೇಕು. ನನಗ ಒಬ್ಬನಿಗೇ ಹೋಗಾಕ ಕಾಲ ಬರವಲ್ಲದು. ನೀವೂ ಬರ್ತೀರೇನು?”

“ಈಗೇನು?”

“ಈಗರಿ.”

“ನೀರು ಬಿಟ್ಟೀನಪಾ,” ಎಂದ ಗುರುಲಿಂಗಪ್ಪ. “ನೀ ಮುಂದ ನಡಿ. ಮಡಿ ತುಂಬಿದ ಮ್ಯಾಲೆ ಬರ್ತೀನಿ.”

ಅಣವೀರಪ್ಪ ಇಬ್ಬರ ನಡುವೆ ಇದ್ದ ಕಾಲುವೆಯನ್ನು ನೋಡಿದ. ಅದು ಒಣಗಿ ಬಿರಿದಿತ್ತು. ಅವನು ಅದನ್ನು ದಾಟಿ, ಊರಿನ ಕಡೆ ಹೋಗುವ ದಾರಿ ಹಿಡಿದ.