ಕಾಫಿ ಕುಡಿಯದೆ ಕೊಟ್ಟ ರಕ್ತ

ನಾನು ಪೀಣ್ಯದ ಗೇರ್ ಕಾರ್ಖಾನೆಯಲ್ಲಿ ಮೇಲ್ವಿಚಾರಕನಾಗಿದ್ದು ನಿವೃತ್ತನಾದ ಮೇಲೂ ನಮ್ಮ ಮನೆ ಸೈರನ್ ಇಲ್ಲದ ಕಾರ್ಖಾನೆಯಂತೆಯೇ ನಡೆಯುತ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಯಾರೂ ಒಲೆ ಹಚ್ಚುವಂತಿರಲಿಲ್ಲ. ಹೀಗಿರುವಾಗ ನನ್ನ ಹೆಂಡತಿಗೆ ತಲೆನೋವು ಶುರುವಾಯಿತು. ಸಾರಿಗೆ ಉಪ್ಪು ಹಾಕುವಾಗ ಕೈ ತಡವರಿಸಿ ಚೆಲ್ಲತೊಡಗಿತು. ಸ್ಕ್ಯಾನಿನಲ್ಲಿ ಮಿದುಳಿನೊಳಗೆ ಒಂದು ಬಿಳಿ ಕಲೆ ಕಂಡಿತು.

"ಗಡ್ಡೆ ಇರಬಹುದು, ಇಲ್ಲದೆಯೂ ಇರಬಹುದು," ಎಂದರು ಡಾಕ್ಟರಮ್ಮ. ದೇಹವನ್ನು ಕಾಯಬೇಕಾದ ಪ್ರತಿಕಾಯಗಳೇ ಕೆಲವೊಮ್ಮೆ ತಿರುಗಿಬಿದ್ದು ಮಿದುಳನ್ನು ಕಾಡುತ್ತವಂತೆ. ಅದರಿಂದಾಗುವ ಊತವೂ ಸ್ಕ್ಯಾನಿನಲ್ಲಿ ಗಡ್ಡೆಯಂತೆ ಕಾಣಬಹುದಂತೆ. ಅಂಥ ಪ್ರತಿಕಾಯ ರಕ್ತದಲ್ಲಿ ಸಿಕ್ಕರೆ ಮೊದಲು ಔಷಧಿ. ಸಿಗದಿದ್ದರೆ ತಲೆಬುರುಡೆ ಕೊರೆದು ಚೂರು ತೆಗೆದು ನೋಡಬೇಕು.

ನನಗೆ ಚೆನ್ನಾಗಿ ಅರ್ಥವಾಯಿತು. ಗೇರ್‌ಬಾಕ್ಸ್ ಸದ್ದು ಮಾಡಿದರೆ ನಾವೂ ಬಿಚ್ಚುವ ಮೊದಲು ಎಣ್ಣೆ ತೆಗೆದು ನೋಡುತ್ತಿದ್ದೆವು. ಹಾಗೆಂದಾಗ ಹೆಂಡತಿ, "ನನ್ ತಲೆ ಗೇರ್‌ಬಾಕ್ಸ್ ಅಲ್ಲ ಕಣ್ರೀ," ಎಂದಳು.

ರಕ್ತಪರೀಕ್ಷೆಗೆ ಖಾಲಿ ಹೊಟ್ಟೆ ಇರಬೇಕೆಂಬುದು ನನ್ನ ನಂಬಿಕೆ. ಕಾರ್ಖಾನೆಯ ವಾರ್ಷಿಕ ತಪಾಸಣೆಗೆ ಎಲ್ಲರನ್ನೂ ಉಪವಾಸ ಸಾಲು ನಿಲ್ಲಿಸುತ್ತಿದ್ದವನು ನಾನೇ. ಅದರಂತೆ ಅಡುಗೆಮನೆಗೆ ಬೀಗ ಹಾಕಿದೆ. ಬೆಳಿಗ್ಗೆ ಅವಳು ಕಾಫಿ ಕೇಳಿದಳು, ಕೊಡಲಿಲ್ಲ. ನಾನೂ ಕುಡಿಯಲಿಲ್ಲ. ಆಟೊ ಹಿಡಿದು ಹೊರಟೆವು.

ಲ್ಯಾಬಿನಲ್ಲಿ ರಕ್ತ ತೆಗೆಯುವ ಹುಡುಗಿ ಅವಳ ಮುಖ ನೋಡಿ, "ಆಂಟಿ, ತಿಂಡಿ ಆಯ್ತಾ?" ಎಂದಳು.

"ಉಪವಾಸಾನೇ ಕರ್ಕೊಂಡ್ ಬಂದಿದೀನಮ್ಮ," ಎಂದೆ ಹೆಮ್ಮೆಯಿಂದ.

"ಅಯ್ಯೋ ಸಾರ್, ಈ ಟೆಸ್ಟ್‌ಗೆ ಅದೆಲ್ಲ ಬೇಡ. ತಿನ್ಕೊಂಡೇ ಬರ್ಬೋದಿತ್ತು."

ಹೆಂಡತಿ ತೋಳು ಚಾಚಿದಳು. "ನಂದು ಹಾಗಿರ್ಲಿ, ಮೊದ್ಲು ಇವ್ರ ತಲೇದು ಒಂದ್ ಸ್ಕ್ಯಾನ್ ಮಾಡ್ಸಮ್ಮ."

ವರದಿ ಬರುವವರೆಗೆ ಮಾಡಲು ಕೆಲಸವಿರಲಿಲ್ಲ. ಹಳೆಯ ಸ್ಪ್ಯಾನರ್‌ಗಳನ್ನು ಅಳತೆಯ ಪ್ರಕಾರ ಜೋಡಿಸಿದೆ. ಅವಳು ಕನ್ನಡಿಯ ಮುಂದೆ ಜಡೆ ಹೆಣೆಯುತ್ತ, "ಕೂದ್ಲು ಎಷ್ಟು ಬೋಳಿಸ್ತಾರೋ ಏನೋ," ಎಂದಳು. ಜೋಡಿಸಿದ್ದನ್ನೆಲ್ಲ ಕೆಡವಿ ಮತ್ತೆ ಜೋಡಿಸಿದೆ.

ರಕ್ತದಲ್ಲಿ ಪ್ರತಿಕಾಯ ಸಿಕ್ಕಿತು. ಡಾಕ್ಟರಮ್ಮ ಸ್ಕ್ಯಾನನ್ನೂ ವರದಿಯನ್ನೂ ಜೊತೆಗಿಟ್ಟು ನೋಡಿ, "ಸದ್ಯಕ್ಕೆ ತಲೆ ಮುಟ್ಟೋದು ಬೇಡ. ಸ್ಟೀರಾಯ್ಡ್ ಕೊಟ್ಟು ನೋಡೋಣ. ಹಸಿವು ಮಾತ್ರ ಜಾಸ್ತಿ ಆಗುತ್ತೆ," ಎಂದರು.

ಮುಂದಿನ ಸ್ಕ್ಯಾನಿನಲ್ಲಿ ಕಲೆ ಕುಗ್ಗಿತ್ತು. ಹಸಿವು ಕುಗ್ಗಲಿಲ್ಲ. ಊಟ ಮುಗಿಸಿ ನಾನು ಆಗತಾನೇ ಕಣ್ಣು ಮುಚ್ಚಿರುತ್ತೇನೆ, ಒಳಗಿನಿಂದ ಕರೆ ಬರುತ್ತದೆ: "ರೀ, ಒಂಚೂರು ಉಪ್ಪಿಟ್ಟು ಮಾಡ್ತೀರಾ?"

ಎದ್ದು ಒಲೆ ಹಚ್ಚುತ್ತೇನೆ. ಅವಳು ಒಂದು ತುತ್ತು ಬಾಯಿಗಿಟ್ಟು, ತಾನೇ ಡಬ್ಬಿ ತೆಗೆದು, ಚೆಲ್ಲದಂತೆ ಉಪ್ಪು ಉದುರಿಸಿಕೊಳ್ಳುತ್ತಾಳೆ.