ಡೂಲಾಲಿಯ ಗೈರುಹಾಜರಿ

ಮೂಡಿಗೆರೆ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ಮೂವತ್ತು ವರ್ಷ ರೈಟರ್ ಆಗಿದ್ದೆ. ಬೆಳಿಗ್ಗೆ ಆರೂವರೆಗೆ ಮಸ್ಟರ್. ಆಳುಗಳ ಹೆಸರು ಕೂಗಿ ಹಾಜರಿ ಹಾಕುವುದು ನನ್ನ ಕೆಲಸ. ಹತ್ತೇ ನಿಮಿಷಕ್ಕೆ ಪುಸ್ತಕ ಮುಚ್ಚುತ್ತಿದ್ದೆ. ಆಮೇಲೆ ಓಡಿ ಬಂದವರಿಗೂ ಗೈರು. ಒಬ್ಬರ ಹೆಸರಿಗೆ ಇನ್ನೊಬ್ಬರು ಓಗೊಟ್ಟರೆ ಇಬ್ಬರನ್ನೂ ಮನೆಗೆ ಕಳಿಸುತ್ತಿದ್ದೆ.

ಈಗ ಕಳಸದಲ್ಲಿದ್ದೇನೆ. ಕಳೆದ ವರ್ಷ ಮತ್ತೆ ಮಸ್ಟರ್ ಶುರು ಮಾಡಿದೆ, ಹತ್ತಿರದ ಸಂಸೆಯಲ್ಲಿ. ನಮ್ಮ ಎಸ್ಟೇಟ್ ಬಂಗಲೆಯ ಬಟ್ಲರ್ ಅಲ್ಲಿ ಮಗಳ ಮನೆಯಲ್ಲಿದ್ದಾರೆ. ಅವರ ನೆನಪು ಅಳಿಯುತ್ತಿತ್ತು. ಮಗಳ ಹೆಸರು ಹೋಯಿತು, ನನ್ನ ಹೆಸರೂ ಹೋಯಿತು. ದಿನವಿಡೀ ಮಾತಿಲ್ಲ. ಆದರೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊನೆಯ ಇಂಗ್ಲಿಷ್ ದೊರೆಯ ಊಟದ ಮೇಜಿನ ಪಕ್ಕ ನಿಂತು ಕಲಿತ ಇಂಗ್ಲಿಷ್ ಆಡುಮಾತುಗಳು ಮಾತ್ರ ಉಳಿದಿದ್ದವು. ಅಂಥ ಒಂದು ಪದ ಕೇಳಿದರೆ ಬಾಯಿ ಬಿಡುತ್ತಿದ್ದರು. ಅದಕ್ಕೇ ಹಿಂದೆ ಅವರ ಬಾಯಲ್ಲಿ ಕೇಳಿದ್ದ ನಲವತ್ತು ಪದ ಪುಸ್ತಕದಲ್ಲಿ ಬರೆದುಕೊಂಡು ದಿನಾ ಹತ್ತು ಗಂಟೆಗೆ ಕೂಗುತ್ತಿದ್ದೆ.

“ಡೆಕ್ಕೊ?”

“ಹಾಜರ್. ಒಂದ್ಸಲ ನೋಡೋದು. ನಮ್ಮ ‘ದೇಖೋ’ನ ಬಿಳಿ ಸಿಪಾಯಿಗಳು ಎತ್ಕೊಂಡು ಹೋದ್ರು. ಕಾಫಿ ಆದ್ರೂ ತೂಕ ಹಾಕಿ ತಗಂಡ್ರು, ಇದನ್ನ ಸುಮ್ನೆ.”

“ಬ್ಲೈಟಿ?”

“ಹಾಜರ್. ಅವ್ರ ದೇಶ. ನಾವು ವಿಲಾಯ್ತಿ ಅಂದಿದ್ದೇ ಅವ್ರ ಬಾಯಲ್ಲಿ ಬ್ಲೈಟಿ ಆಯ್ತು ಮಾರಾಯ್ರೆ.”

“ನ್ಯಾಕರ್ಡ್?”

“ಪೂರ್ತಿ ಸುಸ್ತು. ಕೈಲಾಗದ ಕುದುರೆ ಕೊಂಡು ಕಡಿಯೋನಿಗೆ ನ್ಯಾಕರ್ ಅಂತಾರೆ. ಅವನ ಹತ್ರ ಹೊರಟ ಕುದುರೆ. ನಿಮ್ಮ ಹಾಗೆ, ರೈಟ್ರೇ.”

ಮಗಳು ಒಳಗಿನಿಂದ ನಗುತ್ತಿದ್ದಳು. ಅಪ್ಪನ ಮಾತು ಅವಳಿಗೆ ಸಿಗುತ್ತಿದ್ದದ್ದು ಆ ಒಂದು ಗಂಟೆ ಮಾತ್ರ.

ಮಳೆಗಾಲ ಮುಗಿಯುವಾಗ ಉತ್ತರ ಬರುವ ಪದ ಒಂಬತ್ತೇ ಉಳಿದವು. ಉತ್ತರ ಬಾರದ ಪದದ ಮುಂದೆ ಕೆಂಪು ಶಾಯಿಯಲ್ಲಿ ಗೈರು ಬರೆಯುತ್ತಿದ್ದೆ. ಕೈ ಬೇರೆಯದನ್ನು ಕಲಿತಿರಲಿಲ್ಲ. ‘ಡೂಲಾಲಿ’ ಮೊದಲ ದಿನದಿಂದಲೂ ಗೈರು.

ಒಂದು ದಿನ ಹನ್ನೊಂದಾಯಿತು. ಪುಸ್ತಕ ಮುಚ್ಚಿ ಬಸ್ಸಿಗೆಂದು ಎದ್ದೆ. ಅವರು ಕೈ ಎತ್ತಿದರು.

“ಡೂಲಾಲಿ... ಬರ್ಕೊಳ್ಳಿ. ಅದೊಂದು ಊರು...”

“ಮಸ್ಟರ್ ಮುಗೀತು ಮಾರಾಯ್ರೆ. ನಾಳೆ ಹೇಳಿ.”

ಕೈ ಇಳಿಸಿದರು. ಎಸ್ಟೇಟಿನಲ್ಲಿ ಬೆಳೆದವರು, ಮುಚ್ಚಿದ ಪುಸ್ತಕ ಏನೆಂದು ಅವರಿಗೆ ಗೊತ್ತು.

ಮರುದಿನ ಒಂದು ಪದಕ್ಕೂ ಉತ್ತರ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಡೂಲಾಲಿಯ ಅರ್ಥ ಆಮೇಲೆ ನಿಘಂಟಿನಲ್ಲಿ ಸಿಕ್ಕಿತು. ದೇವಲಾಲಿ ಎಂಬ ಊರಿನ ಸೈನ್ಯದ ಶಿಬಿರ. ಊರಿಗೆ ಮರಳಲು ಹಡಗಿಗಾಗಿ ತಿಂಗಳುಗಟ್ಟಲೆ ಕಾದ ಇಂಗ್ಲಿಷ್ ಸಿಪಾಯಿಗಳಿಗೆ ಅಲ್ಲಿ ತಲೆ ಕೆಡುತ್ತಿತ್ತಂತೆ. ಹಾಗಾಗಿ ಬುದ್ಧಿ ತಪ್ಪಿದವನಿಗೆ ಆ ಹೆಸರು. ಪುಸ್ತಕದಲ್ಲಿ ಅದರ ಅರ್ಥ ಬರೆಯುವ ಜಾಗ ಖಾಲಿ ಬಿಟ್ಟಿದ್ದೇನೆ. ಅವರು ಏನು ಹೇಳಲಿದ್ದರೋ ಅದು ನಿಘಂಟಿನಲ್ಲಿಲ್ಲ.

ಈಗಲೂ ಹತ್ತಕ್ಕೆ ಹೋಗುತ್ತೇನೆ. ಹನ್ನೊಂದಾದರೂ ಪುಸ್ತಕ ಮುಚ್ಚುವುದಿಲ್ಲ. ನಿನ್ನೆ ನಲವತ್ತೂ ಕೂಗಿ ಮತ್ತೆ ಮೊದಲಿನಿಂದ ಶುರು ಮಾಡಿದೆ.

“ಬಸ್ ಬಂತು, ರೈಟರ್ ಮಾವ,” ಎಂದಳು ಮಗಳು.

“ಹೋಗ್ಲಿ ಬಿಡಮ್ಮ.”

“ಡೂಲಾಲಿ?” ಎಂದೆ. ಅವರ ತುಟಿಯನ್ನೇ ನೋಡುತ್ತಾ ಕಾದೆ. ಆಮೇಲೆ ಅವರ ಬದಲಿಗೆ ನಾನೇ ಅಂದೆ: “ಹಾಜರ್.”