ಬಸ್ಸಿನಲ್ಲಿದ್ದವರು ಏನಾದರು?

ಕೊಡೆ ಕೊಳ್ಳಲು ನಿಪ್ಪಾಣಿಯ ಅಂಗಡಿಯೊಂದಕ್ಕೆ ಹೋಗಿದ್ದೆ. ಗೋಡೆಯ ತುಂಬ ಮಕ್ಕಳ ಶಾಲೆಯ ಚೀಲಗಳು. ಒಂದೊಂದರ ಮೇಲೂ ಮುಖವಾಡ ತೊಟ್ಟ ವೀರನೊಬ್ಬ ನನ್ನತ್ತಲೇ ಮುಷ್ಟಿ ಚಾಚಿ ನಿಂತಿದ್ದ. ಯಾವ ಬಣ್ಣದ ಕೊಡೆ ಬೇಕೆಂದು ಅಂಗಡಿಯವರು ಎರಡು ಸಲ ಕೇಳಿದರು. ನಾನು ಏನೂ ಕೊಳ್ಳದೆ ಹೊರಬಿದ್ದೆ. ಇದೆಂಥ ಹುಚ್ಚು ಎನ್ನಬೇಡಿ. ಐದು ವರ್ಷದ ಹಿಂದಿನ ಕಥೆ ಹೇಳುತ್ತೇನೆ, ಕೇಳಿ.

ಆಗ ಅಣ್ಣನ ಮಗಳು ಸುಪ್ರಭಾಗೆ ಆರು ವರ್ಷ. ಚಿಕ್ಕೋಡಿಯಲ್ಲಿ ನಮ್ಮದು ಕೂಡಿದ ಕುಟುಂಬ, ಜೈನರ ಮನೆ. ನನ್ನ ತಾಯಿ ಇವತ್ತಿಗೂ ಬಟ್ಟೆಯಲ್ಲಿ ಸೋಸದ ನೀರು ಕುಡಿಯುವವಳಲ್ಲ. ಇರುವೆ ಸಾಲು ಕಂಡರೆ ಸುತ್ತು ಹಾಕಿ ನಡೆಯುವವಳು. ಅಂಥ ಮನೆಯ ಪಡಸಾಲೆಯಲ್ಲಿ ನಾನೇ ಟಿವಿ ಹಚ್ಚಿ, ಮಗುವನ್ನು ಆ ಮುಖವಾಡದ ವೀರನ ಕಾರ್ಟೂನ್ ಸಿನಿಮಾದ ಮುಂದೆ ಕೂರಿಸಿದೆ. ಕಾರಣ ಹೇಳಲು ನಾಚಿಕೆ: ನನಗೆ ಉತ್ತರಪತ್ರಿಕೆ ತಿದ್ದುವುದಿತ್ತು. ನಾನು ಮಾಸ್ತರ. ಮಕ್ಕಳ ಕೈಗೆ ಮೊಬೈಲ್ ಕೊಡಬೇಡಿ ಎಂದು ಪಾಲಕರ ಸಭೆಯಲ್ಲಿ ಅರ್ಧ ತಾಸು ಉಪದೇಶ ಮಾಡುವವನು.

ತಾಯಿ ಒಳಗಿನಿಂದ ಬಂದು ನಿಂತಳು. "ಇದೇನೋ, ಬರೇ ಬಡದಾಟ?"

"ಚಿತ್ರ ಬರದದ್ದು ಅವ್ವಾ. ಖರೇ ಮಂದಿ ಅಲ್ಲ."

"ನೋಡೂ ಹುಡುಗಿ ಖರೇ ಅದಾಳಲ್ಲೋ," ಎಂದು ಅವಳು ಹೊರಟುಹೋದಳು.

ಪರದೆಯ ಮೇಲೆ ವೀರನೂ ಅವನ ವೈರಿಯೂ ಸೇರಿ ಊರೊಂದನ್ನು ಪುಡಿ ಮಾಡುತ್ತಿದ್ದರು. ಸೇತುವೆಯ ಮೇಲಿದ್ದ ಬಸ್ಸನ್ನು ಒಬ್ಬ ಎತ್ತಿ ಇನ್ನೊಬ್ಬನ ಮೇಲೆ ಬೀಸಿದ. ಸುಪ್ರಭಾ ಚಪ್ಪಾಳೆ ತಟ್ಟಲಿಲ್ಲ, ಅಳಲಿಲ್ಲ, ಸುಮ್ಮನೆ ಕೂತಿದ್ದಳು. ಸುಮ್ಮನಿರುವ ಮಗು ಸುಖವಾಗಿದೆ ಎಂದು ನಾನು ನಂಬಿದೆ. ನನಗೆ ಅದೇ ಅನುಕೂಲವಾಗಿತ್ತು.

ಇಂಥ ಮಾತು ಬಂದಾಗಲೆಲ್ಲ ನನ್ನದೊಂದು ಸಿದ್ಧ ವಾದವಿತ್ತು. ಚಿಕ್ಕಂದಿನಲ್ಲಿ ಐಗಳಿಯಲ್ಲಿ, ಸೋದರಮಾವನ ಊರಲ್ಲಿ, ನಾವೂ ಬಯಲಾಟ ನೋಡಿದವರೇ. ರಾಕ್ಷಸನ ತಲೆ ತೆಗೆಯುವುದನ್ನು ಮುಂದಿನ ಸಾಲಲ್ಲೇ ಕೂತು ನೋಡಿದ್ದೆವು. ನಮಗೇನಾಯಿತು? ಆದರೆ ಮರುದಿನ ಅದೇ ರಾಕ್ಷಸ ಕಿವಿಯ ಹಿಂದೆ ಬಣ್ಣ ಉಳಿಸಿಕೊಂಡೇ ಮಾವನ ಕಟ್ಟೆಗೆ ಬಂದು ಚಹಾ ಕುಡಿಯುತ್ತಿದ್ದ, ನಮ್ಮ ಕೆನ್ನೆ ಹಿಂಡುತ್ತಿದ್ದ. ವಾದ ಮಾಡುವಾಗ ಇದನ್ನು ನಾನು ಮರೆಯುತ್ತಿದ್ದೆ.

ಸಿನಿಮಾ ನೋಡಿದ ಮೂರನೆಯ ದಿನ ಸುಪ್ರಭಾಳನ್ನು ಕರೆದುಕೊಂಡು ಕಾಗವಾಡದ ಬಸ್ಸು ಹತ್ತಿದೆ. ಅಂಕಲಿ ದಾಟಿ ಕೃಷ್ಣೆಯ ಸೇತುವೆ ಕಾಣುತ್ತಿದ್ದಂತೆ ಅವಳು ಸೀಟಿನ ಕೆಳಗೆ ತೂರಿಕೊಂಡಳು. ಎತ್ತಲು ಹೋದರೆ ಚೀರಿದಳು.

"ಇಳಸು ಕಾಕಾ, ಇಳಸು!"

ಕಂಡಕ್ಟರ್ ಶಿಳ್ಳೆ ಊದಿ ಬಸ್ಸು ನಿಲ್ಲಿಸಿದರು. "ಇಳೀರಿ ಸರ. ಕೂಸಿನ್ನ ಕರಕೊಂಡು ನಡಕೊಂತ ಬರ್ರಿ. ಆ ದಂಡಿಗೆ ನಿಂತಿರತೀವಿ."

ನಾವಿಬ್ಬರೂ ನಡೆದೆವು. ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ನಡುಸೇತುವೆಯಲ್ಲಿ ಅವಳು ನಿಂತಳು.

"ಕಾಕಾ, ಆ ಸಿನಿಮಾದ ಬಸ್ಸಿನ್ಯಾಗ ಇದ್ದವರು ಏನಾದರು?"

ನಾನೆಲ್ಲಿ ಸರಿಯಾಗಿ ನೋಡಿದ್ದೆ? "ಯಾರೂ ಇರಲಿಲ್ಲವ್ವಾ. ಖಾಲಿ ಬಸ್ಸು."

"ಇದ್ದರು. ಕಿಡಕ್ಯಾಗ ಒಬ್ಬಾಕಿ ಕೈ ಬಡ್ಯಾಕತ್ತಿದ್ಲು."

ಹೀಗೆ ಸಿಕ್ಕಿಬಿದ್ದ ಮೇಲೆ ಮಾಸ್ತರನಾದವನು ಏನು ಹೇಳಬೇಕು? "ನನಗ ಗೊತ್ತಿಲ್ಲವ್ವಾ," ಎಂದೆ. ಅವಳು ನನ್ನ ಎರಡು ಬೆರಳು ಹಿಡಿದುಕೊಂಡಳು, ಮತ್ತೆ ನಡೆದೆವು. ಬಸ್ಸು ನಿಂತೇ ಇತ್ತು. ಒಬ್ಬ ಮುದುಕಿ ಸರಿದು ಕೂತು ಅವಳಿಗೆ ಜಾಗ ಮಾಡಿಕೊಟ್ಟಳು, ಯಾರೂ ಗೊಣಗಲಿಲ್ಲ. ಆಮೇಲೆ ವರ್ಷವಿಡೀ ಸೇತುವೆ ಬಂದಾಗಲೆಲ್ಲ ಅವಳ ಕೈ ನನ್ನ ಕೈಯನ್ನು ಹುಡುಕುತ್ತಿತ್ತು.

ಈಗ ಸುಪ್ರಭಾಗೆ ಹನ್ನೊಂದು. ಕೈ ಹಿಡಿಯುವ ವಯಸ್ಸಲ್ಲ. ಮೊನ್ನೆ ತಾನಾಗಿಯೇ ಕೇಳಿದಳು, ಅಂಥದೇ ಹೊಸ ಸಿನಿಮಾ ಬಂದಿದೆ, ವರ್ಗದವರೆಲ್ಲ ನೋಡಿದ್ದಾರೆ, ತಾನೂ ನೋಡಲೇ ಎಂದು.

"ಬ್ಯಾಡ," ಎಂದೆ.

"ನೀ ನೋಡಿಯೇನು?"

ನೋಡಿರಲಿಲ್ಲ. ಹಾಗಾಗಿ ಭಾನುವಾರ ಒಬ್ಬನೇ ಕೂತು ಪೂರ್ತಿ ನೋಡಿದೆ. ಕೂತೆ ಎನ್ನುವುದು ಸುಳ್ಳು. ಮೂರು ಸಲ ಎದ್ದು ಅಂಗಳಕ್ಕೆ ಹೋಗಿ ಬಂದೆ. ಸಿನಿಮಾ ಕೆಟ್ಟದಾಗಿತ್ತೇ? ಬಣ್ಣಗಳು ಚೆಂದ, ತಮಾಷೆಯ ಮಾತುಗಳಿದ್ದವು. ಒಂದು ಕಡೆ ಬೀದಿಗೆ ಬೀದಿಯೇ ಉರಿಯುತ್ತಿರುವಾಗ ವೀರ ಏನೋ ಚಟಾಕಿ ಹಾರಿಸಿದ, ನಾನೂ ನಕ್ಕುಬಿಟ್ಟೆ. ನಕ್ಕಿದ್ದೇ ಈಗಲೂ ಒಳಗೆ ಚುಚ್ಚುತ್ತಿದೆ.

ಅವಳನ್ನು ಕರೆದು, "ಪೂರಾ ನೋಡಿದೆ. ಇನ್ನ ಎರಡು ವರ್ಷ ಹೋಗಲಿವ್ವಾ," ಎಂದೆ. ಮುಖ ಊದಿಸಿಕೊಂಡು ಬಾಗಿಲವರೆಗೆ ಹೋದಳು. ಅಲ್ಲೇ ತಿರುಗಿ ನಿಂತು, "ಹಂಗಾರ ಕತೀನರ ಹೇಳು," ಎಂದಳು.

ಹೇಳತೊಡಗಿದೆ. ಮೊದಲ ಕಟ್ಟಡ ಉರುಳುವಲ್ಲಿಗೆ ಬಂದೆ. ಸಿನಿಮಾ ಅದನ್ನು ಎರಡು ಕ್ಷಣದಲ್ಲಿ ದಾಟಿ ಮುಂದೆ ಹೋಗಿತ್ತು. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ಅದರೊಳಗಿದ್ದವರನ್ನು ಬಿಟ್ಟು ನನಗೆ ದಾಟಲಾಗಲಿಲ್ಲ.